ಬಿಚ್ಚಬೇಕಾದ ನಟ್ಟು

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಹರಿಹರದ ಹೊಳೆಯಲ್ಲಿ ನನ್ನ ಮಗಳ ದೋಣಿ ಗಾಣದೆತ್ತಿನ ಹಾಗೆ ಸುತ್ತಲು ಶುರುಮಾಡಿತು. ದೋಣಿ ಎಂದರೆ ಎರಡೂವರೆ ಅಡಿ ಉದ್ದದ್ದು. ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಅವಳೂ ಅವಳ ಮೂವರು ಗೆಳತಿಯರೂ ನಾಲ್ಕು ತಿಂಗಳು ಕೂತು ಮಾಡಿದ್ದು. ದಡದಲ್ಲಿ ನಿಂತು ರಿಮೋಟಿನಲ್ಲಿ ನಡೆಸಿದರೆ ಅದು ನಡುಹೊಳೆಗೆ ಹೋಗಿ ಒಂದು ಸಣ್ಣ ಬಾಟಲಿ ನೀರು ತುಂಬಿಕೊಂಡು ವಾಪಸು ಬರಬೇಕು. ಆ ನೀರನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡುತ್ತಾರೆ. ಹೋಗುವುದೇನೋ ಚೆನ್ನಾಗಿ ಹೋಯಿತು, ನೀರನ್ನೂ ತುಂಬಿಕೊಂಡಿತು. ಇವಳು ಹಿಮ್ಮುಖ ಓಡಿಸಿದಳು ನೋಡಿ, ಎಡಗಡೆಯ ಮೋಟಾರಿನ ಸದ್ದು ಒಮ್ಮೆಲೇ ತೆಳ್ಳಗಾಯಿತು. ಹೊರೆ ಇಳಿಸಿದ ಗಾಡಿಯ ಹಗುರ ಅದರಲ್ಲಿತ್ತು. ಎಡಗಡೆಯ ಪ್ರೊಪೆಲ್ಲರು ತುಂಗಭದ್ರೆಯ ಪಾಲಾಗಿತ್ತು.

ಮೀನು ಹಿಡಿಯುವವರೊಬ್ಬರು ಹರಿಗೋಲಿನಲ್ಲಿ ಹೋಗಿ ಅದನ್ನು ಎತ್ತಿಕೊಂಡು ಬಂದರು. ಹಿಂದುಮುಂದು ತಿರುಗಿಸಿ ನೋಡಿ, ಖಾಲಿಯಾಗಿದ್ದ ಕಡ್ಡಿಯನ್ನು ಬೆರಳಲ್ಲಿ ಮುಟ್ಟಿ, "ಫ್ಯಾನು ಬಿಚ್ಕೊಂಡೈತಲ್ಲವ್ವ, ಗಟ್ಟಿ ಕೂರಿಸಿರಲಿಲ್ಲೇನು?" ಅಂದರು. ಅವರ ಹರಿಗೋಲನ್ನು ನಾನು ನೋಡುತ್ತಾ ನಿಂತೆ. ಬಿದಿರು ಹೆಣೆದ ದೊಡ್ಡ ಬುಟ್ಟಿ, ಮೇಲೆ ಹೊದಿಕೆ, ಡಾಂಬರು. ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ಕಿನ ಹಾಳೆ. ಆ ಇಡೀ ನೌಕೆಯಲ್ಲಿ ಒಂದು ನಟ್ಟಿಲ್ಲ, ಒಂದು ಸ್ಕ್ರೂ ಇಲ್ಲ. ಸಡಿಲವಾಗುವಂಥದ್ದೇ ಏನೂ ಇಲ್ಲ. ಈ ಹೊಳೆಯಲ್ಲಿ ಜನ ನೂರಾರು ವರ್ಷ ಆ ಬುಟ್ಟಿಯಲ್ಲೇ ದಾಟಿದ್ದಾರೆ. ಅಂಬಿಗರ ಚೌಡಯ್ಯನ ಚೌಡದಾನಪುರ ಇರುವುದೂ ಇದೇ ಹೊಳೆಯ ದಂಡೆಯಲ್ಲಿ.

ಗೆಳತಿಯರು ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದರು. ಇನ್ನು ಮೂರು ವಾರಕ್ಕೆ ಪರೀಕ್ಷಕರು ಬರುವವರಿದ್ದರು. ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರು. ಅಷ್ಟು ದೂರವೂ ಬಸ್ಸಿನಲ್ಲಿ ನಮ್ಮ ತೊಡೆಯ ಮೇಲೆ ಆ ದೋಣಿ ಮಲಗಿತ್ತು, ಒಬ್ಬರೂ ಮಾತಾಡಲಿಲ್ಲ.

ಮನೆಯಲ್ಲಿ ಅಪ್ಪ ಕಾಯುತ್ತಿದ್ದರು. ಅಪ್ಪ ಹರಿಹರದ ಮೈಸೂರು ಕಿರ್ಲೋಸ್ಕರಿನಲ್ಲಿ ಫಿಟ್ಟರ್ ಆಗಿದ್ದವರು. 1941ರಲ್ಲಿ ಶುರುವಾದ ಆ ಕಾರ್ಖಾನೆ ಲೇತು ಮಾಡುತ್ತಿತ್ತು, ಎಂದರೆ ಯಂತ್ರ ಮಾಡುವ ಯಂತ್ರ. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಅದರ ಲೇತುಗಳು ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ, ಐಟಿಐಗಳಲ್ಲಿ ಇವತ್ತಿಗೂ ತಿರುಗುತ್ತಿವೆ. ನಾನು ಹುಟ್ಟಿ ಬೆಳೆದದ್ದು ಯಂತ್ರಾಪುರದ ಕ್ವಾರ್ಟರ್ಸಿನಲ್ಲಿ. ಬೆಳಗಿನ ಸೈರನ್ನು ನಮ್ಮ ಮನೆಯ ಗಡಿಯಾರ. ಕಾರ್ಖಾನೆ ಮುಚ್ಚಿ ಎರಡು ದಶಕವೇ ಕಳೆದರೂ ಅಪ್ಪ ತಮ್ಮ ಪಾನಾಗಳನ್ನು ಇವತ್ತಿಗೂ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಚಿಕ್ಕವಳಿದ್ದಾಗ ಅವರು ನನ್ನನ್ನು ಹರಿಹರೇಶ್ವರನ ಗುಡಿಗೆ ಕರೆದುಕೊಂಡು ಹೋದರೆ ದೇವರಿಗಿಂತ ಹೆಚ್ಚು ಹೊತ್ತು ಕಂಬಗಳ ಮುಂದೆ ನಿಲ್ಲುತ್ತಿದ್ದರು. 1224ರ ಸುಮಾರಿಗೆ ಹೊಯ್ಸಳ ನರಸಿಂಹನ ಮಂತ್ರಿ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಅದರ ಕಂಬಗಳು ತಿರುಗಣೆಗೆ ಕೊಟ್ಟು ಕಡೆದವು. ಅಪ್ಪ ಕಂಬದ ಸೊಂಟದ ಮೇಲಿನ ಬಳೆಗಳ ಮೇಲೆ ಉಗುರು ಓಡಿಸಿ, "ಇಷ್ಟು ತೂಕದ ಕಲ್ಲನ್ನ ಸೆಂಟರ್ ಹೆಂಗ್ ಹಿಡಿದ್ರೋ" ಎನ್ನುತ್ತಿದ್ದರು. ಲೇತಿನ ಕಾರ್ಖಾನೆ ಬರುವುದಕ್ಕೆ ಏಳುನೂರು ವರ್ಷ ಮೊದಲೇ ಆ ಊರಲ್ಲಿ ಕಡೆದ ಕಂಬಗಳಿದ್ದವಲ್ಲ ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಪ್ಪ ದೋಣಿಯನ್ನು ಊಟದ ಮೇಜಿನ ಮೇಲೆ ಬೋರಲು ಹಾಕಿಸಿದರು. ಕಳೆದುಹೋದ ಪ್ರೊಪೆಲ್ಲರಿನ ಬಗ್ಗೆ ಏನೂ ಕೇಳದೆ ಉಳಿದಿದ್ದ ಬಲಗಡೆಯದನ್ನು ಹಿಡಿದರು. ನಾಲ್ಕು ಮಿಲಿಮೀಟರಿನ ಸ್ಟೇನ್‌ಲೆಸ್ ಸ್ಟೀಲ್ ಶಾಫ್ಟು, ಅದರ ತುದಿಗೆ ಥ್ರೆಡ್ಡು. ಹಿತ್ತಾಳೆಯ ಪ್ರೊಪೆಲ್ಲರಿಗೂ ಒಳಗೆ ಥ್ರೆಡ್ಡು. ಮೊದಲು ಒಂದು ನೈಲಾಕ್ ನಟ್ಟು ಹಾಕಿ, ಅದರ ಮೇಲೆ ಪ್ರೊಪೆಲ್ಲರು ತಿರುಗಿಸಿ, ಎರಡನ್ನೂ ಒಂದರ ಮೇಲೊಂದು ಬಿಗಿಮಾಡುವುದು. ನೈಲಾಕ್ ಅಂದರೆ ನಟ್ಟಿನ ಬಾಯಲ್ಲೇ ನೈಲಾನಿನ ಬಳೆ ಇರುತ್ತದೆ, ಅದು ಥ್ರೆಡ್ಡನ್ನು ಅಪ್ಪಿ ಹಿಡಿಯುತ್ತದೆ. ಅಪ್ಪ ಆ ನಟ್ಟನ್ನು ಪಾನಾದಲ್ಲಿ ಸಡಿಲಿಸಿ, ಆಮೇಲೆ ಬರಿಗೈಯಲ್ಲಿ ತಿರುಗಿಸಿದರು. ಅದು ಶಾಫ್ಟಿನುದ್ದಕ್ಕೂ ಸರಾಗವಾಗಿ ಓಡಿತು.

"ಇದನ್ನ ಎಷ್ಟು ಸಲ ಬಿಚ್ಚಿ ಹಾಕೀರಿ?"

"ಟೆಸ್ಟಿಂಗ್ ಮಾಡುವಾಗೆಲ್ಲ ಅಜ್ಜ. ಒಂದು ಹತ್ತು ಹನ್ನೆರಡು ಸಲ ಇರ್ಬೋದು."

"ಮತ್ತೆ? ನೈಲಾಕ್ ಬೆರಳಲ್ಲಿ ಓಡಬಾರದು ಪುಟ್ಟಿ. ಓಡಿತು ಅಂದ್ರೆ ಅದರ ಹಿಡಿತ ಮುಗೀತು. ಪ್ರತಿ ಸಲ ಬಿಚ್ಚಿದಾಗಲೂ ಆ ನೈಲಾನು ಒಂದಿಷ್ಟು ಸವೀತದೆ."

ಹೀಗೆ ತಪ್ಪು ಎರಡು ನಿಮಿಷದಲ್ಲಿ ಸಿಕ್ಕಿತು. ದೋಣಿ ಮುಂದೆ ಹೋಗುವಾಗ ಶಾಫ್ಟು ಒಂದು ದಿಕ್ಕಿಗೆ ತಿರುಗುತ್ತದೆ, ಹಿಂದೆ ಬರುವಾಗ ಇನ್ನೊಂದು ದಿಕ್ಕಿಗೆ. ಥ್ರೆಡ್ಡು ಬಲಸುತ್ತಿನದಾಗಲಿ ಎಡಸುತ್ತಿನದಾಗಲಿ, ಎರಡರಲ್ಲಿ ಒಂದು ದಿಕ್ಕು ಪ್ರೊಪೆಲ್ಲರನ್ನು ಬಿಚ್ಚುವ ದಿಕ್ಕೇ ಆಗಿರುತ್ತದೆ. ಹಿಡಿತ ಹೋದ ನಟ್ಟು ಅದನ್ನು ತಡೆಯಲಿಲ್ಲ, ಅಷ್ಟೆ.

ಹೊಸ ನೈಲಾಕ್ ಹಾಕಿದರೆ ಮುಗಿಯಿತಲ್ಲ ಎಂದು ನನಗನ್ನಿಸಿತು. ಆದರೆ ನಮ್ಮ ಹೊಳೆಯನ್ನು ನೋಡಿದವರಿಗೆ ಗೊತ್ತು, ದಡದ ಹತ್ತಿರ ಜೊಂಡು, ಬಟ್ಟೆಯ ಚೂರು, ಹರಿದ ಬಲೆಯ ದಾರ ಎಲ್ಲ ಇರುತ್ತವೆ. ಎರಡು ಸಲ ಓಡಿಸಿದರೆ ಒಂದು ಸಲವಾದರೂ ಪ್ರೊಪೆಲ್ಲರ್ ಬಿಚ್ಚಿ ಸಿಕ್ಕಿಕೊಂಡದ್ದನ್ನು ತೆಗೆಯಬೇಕು. ಇಷ್ಟು ಚಿಕ್ಕ ಸ್ಟೀಲಿನ ನೈಲಾಕ್ ದಾವಣಗೆರೆಯ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಅಪ್ಪನಿಗೆ ಸ್ಪ್ಲಿಟ್ ಪಿನ್ನೇ ಇಷ್ಟ: ಶಾಫ್ಟಿಗೆ ಅಡ್ಡ ತೂತು ಹೊಡೆದು, ಪಿನ್ನು ತೂರಿಸಿ, ಕಾಲು ಮಡಚಿಬಿಟ್ಟರೆ ಯಾವ ನಟ್ಟೂ ಹೊರಗೆ ಬರಲಾರದು. ನಾಲ್ಕು ಮಿಲಿಮೀಟರಿನ ಕಡ್ಡಿಗೆ ತೂತು ಹೊಡೆದರೆ ಉಳಿಯುವುದೇನು ಎಂದು ಮಗಳು ಕೇಳಿದಳು. ಅಪ್ಪ ಭೂತಗನ್ನಡಿ ತರಿಸಿ ನೋಡಿ ಒಪ್ಪಿಕೊಂಡರು. ಉಳಿದದ್ದು ಅಂಟು.

ಮಾರನೆಯ ದಿನ ಕಾಲೇಜಿನಲ್ಲಿ ಪಾಠ ಮುಗಿಸಿಕೊಂಡು ನಾನೇ ಪಿ.ಬಿ. ರಸ್ತೆಯ ಒಂದು ಅಂಗಡಿಗೆ ಹೋದೆ. ಕನ್ನಡ ಪಾಠ ಹೇಳುವ ನನಗೆ ಥ್ರೆಡ್ ಲಾಕರ್ ಎಂಬುದರಲ್ಲಿ ಇಷ್ಟು ಜಾತಿಗಳಿವೆ ಎಂದು ಅಲ್ಲಿಯವರೆಗೆ ತಿಳಿದಿರಲಿಲ್ಲ. ಅಂಗಡಿಯವರು ಮೂರು ಸಣ್ಣ ಬಾಟಲಿ ತೆಗೆದಿಟ್ಟರು. ಲಾಕ್‌ಟೈಟ್ 222 ನೇರಳೆ, 243 ನೀಲಿ, 271 ಕೆಂಪು. ಅನಾಬಾಂಡ್‌ನವೂ ಇದ್ದವು. ನೇರಳೆ ಮೆದು ಹಿಡಿತದ್ದು, ತೀರಾ ಸಣ್ಣ ಸ್ಕ್ರೂಗಳಿಗೆ. ನೀಲಿ ಮಧ್ಯಮ; ಮಾಮೂಲಿ ಪಾನಾ ಹಾಕಿ ಬಿಚ್ಚಬಹುದು. ಕೆಂಪು ಮಹಾ ಹಿಡಿತದ್ದು. "ನೀರಿನ ಕೆಲಸ ಅಂತೀರಿ ಮೇಡಂ, ಕೆಂಪೇ ಒಯ್ಯಿರಿ. ಇದನ್ನ ಹಾಕಿದ್ರೆ ಬ್ರಹ್ಮ ಬಂದ್ರೂ ಬಿಚ್ಚಲ್ಲ" ಎಂದು ಅವರು ಅಕ್ಕರೆಯಿಂದಲೇ ಹೇಳಿದರು. ಕಳೆದುಹೋದ ಪ್ರೊಪೆಲ್ಲರಿನ ದುಃಖದಲ್ಲಿದ್ದ ನನಗೂ ಆ ಮಾತು ರುಚಿಸಿತು. ಆದರೂ ಯಾಕೋ ಮೂರನ್ನೂ ತಂದೆ.

ಅಪ್ಪ ಕೆಂಪು ಬಾಟಲಿಯನ್ನು ಬೇರೆ ಇಟ್ಟರು.

"ಬ್ರಹ್ಮ ಯಾವತ್ತೂ ಬರಲ್ಲವ್ವ. ಬಿಚ್ಚೋಕೆ ಬರೋಳು ಈ ಹುಡುಗಿ. ಬಿಚ್ಚೋ ಜಾಗ ಹೊಳೆ ದಂಡೆ. ಅಲ್ಲಿ ಬೆಂಕಿ ಎಲ್ಲಿಂದ ತರ್ತಾಳೆ?"

ಬೆಂಕಿಯ ಮಾತು ಬಂದದ್ದಕ್ಕೆ ಕಾರಣವಿದೆ. ಕೆಂಪು ಅಂಟು ಹಾಕಿದ ನಟ್ಟನ್ನು ಬಿಚ್ಚಬೇಕಾದರೆ ಸುಮಾರು 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು, ಬಿಸಿಯಿದ್ದಾಗಲೇ ತಿರುಗಿಸಬೇಕು. ಲಾರಿಯ ಇಂಜಿನ್ನಿನ ದೊಡ್ಡ ಸ್ಟಡ್ಡಿಗೆ ಅದು ಸರಿ. ನಮ್ಮ ಶಾಫ್ಟೋ ಗ್ರೀಸು ತುಂಬಿದ ಒಂದು ಕೊಳವೆಯೊಳಗಿಂದ ಹಾದು ಬರುತ್ತದೆ, ಕೊಳವೆಯ ಬಾಯಲ್ಲಿ ಪ್ಲಾಸ್ಟಿಕ್ಕಿನ ಬುಷ್ಷು, ಅದರ ಸುತ್ತ ಫೈಬರಿನ ಒಡಲು. ಪ್ರೊಪೆಲ್ಲರನ್ನು ಅಷ್ಟು ಕಾಯಿಸಿದರೆ ದೋಣಿ ಉಳಿಯುವುದಿಲ್ಲ. ಕಾಯಿಸದೆ ಬಲಪ್ರಯೋಗ ಮಾಡಿದರೆ ಶಾಫ್ಟು ತಿರುಚಿಕೊಳ್ಳುತ್ತದೆ. ಮೋಟಾರನ್ನೂ ಶಾಫ್ಟನ್ನೂ ಕೂಡಿಸುವ ಕಪ್ಲಿಂಗಿನ ಮೇಲಿರುವ ಗ್ರಬ್ ಸ್ಕ್ರೂಗಳ ಪಾಡು ಇನ್ನೂ ಕಷ್ಟ. ಅವಕ್ಕೆ ತಲೆಯೇ ಇಲ್ಲ. ಅಲೆನ್ ಕೀ ತೂರಿಸುವ ಒಂದು ಆರುಮೂಲೆಯ ಕುಳಿ ಮಾತ್ರ. ಅದಕ್ಕೆ ಕೆಂಪು ಸುರಿದು ಬಿಗಿದರೆ ಮುಂದಿನ ಸಲ ಆ ಕುಳಿ ಗುಂಡಗೆ ಸವೆದುಹೋಗುತ್ತದೆ ಹೊರತು ಸ್ಕ್ರೂ ಅಲ್ಲಾಡುವುದಿಲ್ಲ. ಅವಕ್ಕೆ ನೇರಳೆ, ಪ್ರೊಪೆಲ್ಲರಿಗೆ ನೀಲಿ ಎಂದು ತೀರ್ಮಾನವಾಯಿತು.

ಆ ಅಂಟು ಗಟ್ಟಿಯಾಗುವ ಬಗೆಯನ್ನು ಮಗಳು ವಿವರಿಸಿದಾಗ ನಾನು ಕೆಲಸ ಬಿಟ್ಟು ಕೂತು ಕೇಳಿದೆ. ನಮಗೆ ಗೊತ್ತಿರುವ ಗೋಂದು, ಫೆವಿಕಾಲು ಎಲ್ಲ ಗಾಳಿಗೆ ಒಣಗುವಂಥವು. ಇದು ಗಾಳಿ ಇರುವವರೆಗೂ ನೀರಾಗಿಯೇ ಇರುತ್ತದೆ, ಗಾಳಿ ತಪ್ಪಿದರೆ ಕಲ್ಲಾಗುತ್ತದೆ. ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸರಪಳಿಯಾಗಲು ಸದಾ ಸಿದ್ಧ; ಆಮ್ಲಜನಕ ಮಧ್ಯೆ ಬಂದು ಆ ಸರಪಳಿಯನ್ನು ಮೊಳಕೆಯಲ್ಲೇ ಕತ್ತರಿಸುತ್ತಿರುತ್ತದೆ. ನಟ್ಟು ಬಿಗಿಯಾದಾಗ ಥ್ರೆಡ್ಡಿನ ಸಂದಿಗೆ ಗಾಳಿ ಹೋಗುವುದಿಲ್ಲ. ಅಲ್ಲಿ ಕಬ್ಬಿಣ, ತಾಮ್ರದಂಥ ಲೋಹ ತಾಗಿತೆಂದರೆ ಸರಪಳಿ ಓಡಲು ಶುರು. ಬಾಟಲಿಯನ್ನು ಅರ್ಧ ಮಾತ್ರ ತುಂಬಿ ಮಾರುವುದೂ ಅದಕ್ಕೇ. ಮೇಲಿನ ಗಾಳಿಯೂ, ಪ್ಲಾಸ್ಟಿಕ್ಕಿನ ಮೈಯಿಂದ ನುಸುಳಿ ಬರುವ ಗಾಳಿಯೂ ಒಳಗಿನ ಅಂಟನ್ನು ನೀರಾಗಿ ಇಟ್ಟಿರುತ್ತವೆ. ಅರ್ಧ ಬಾಟಲಿ ಕೊಟ್ಟು ಪೂರ್ತಿ ದುಡ್ಡು ತಗೊಂಡರಲ್ಲ ಎಂದು ನಾನು ಅಂಗಡಿಯಿಂದ ಬರುವ ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ನಮ್ಮೂರಿನ ಮಂಡಕ್ಕಿಗೆ ಗಾಳಿ ತಾಗಿದರೆ ಮೆತ್ತಗಾಗುತ್ತದೆ. ಅದನ್ನು ಉಳಿಸಿಕೊಳ್ಳಲು ಡಬ್ಬಿಯ ಮುಚ್ಚಳ ಬಿಗಿ ಹಾಕುತ್ತೇವೆ. ಈ ಅಂಟನ್ನು ಉಳಿಸಿಕೊಳ್ಳಲು ಗಾಳಿಯ ಜೊತೆಯೇ ಇಡಬೇಕು.

ಇದರ ಹುಟ್ಟು ಅಮೆರಿಕದ್ದು. ಅಲ್ಲಿನ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ ಇಂಥದೊಂದು ದ್ರವ ಸಿಕ್ಕಿತ್ತು. ಆದರೆ ಅದರೊಳಗೆ ಸದಾ ಗಾಳಿ ಊದುತ್ತಿರಬೇಕು, ನಿಲ್ಲಿಸಿದರೆ ಗಟ್ಟಿಯಾಗಿಬಿಡುತ್ತಿತ್ತು. ಅಂಗಡಿಯಲ್ಲಿಟ್ಟು ಮಾರುವುದಾದರೂ ಹೇಗೆ? ಅಲ್ಲಿ ಕೆಲಸಕ್ಕಿದ್ದ ರಾಬರ್ಟ್ ಕ್ರೀಬಲ್ ಈ ಸಂಗತಿಯನ್ನು ತನ್ನ ತಂದೆಗೆ ಹೇಳಿದ. ತಂದೆ ವರ್ನನ್ ಕ್ರೀಬಲ್ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟರು, ಆಗಲೇ ಎಪ್ಪತ್ತರ ಹತ್ತಿರ ಬಂದಿದ್ದವರು. 1953ರಲ್ಲಿ ಅವರು ಊದುವ ಗೊಡವೆಯಿಲ್ಲದೆ ಬಾಟಲಿಯಲ್ಲಿ ನಿಲ್ಲುವ ಅಂಟನ್ನು ಮಾಡಿದರು. 1956ರಲ್ಲಿ ಅದು ಲಾಕ್‌ಟೈಟ್ ಎಂದು ಜನರ ಮುಂದೆ ಬಂತು. ಮಗ ತಂದ ತೊಡಕನ್ನು ಅಪ್ಪ ಬಿಡಿಸಿದ ಈ ಸಂಗತಿ ಅಪ್ಪನಿಗೆ ಬಹಳ ಹಿಡಿಸಿತು. ಮೇಷ್ಟರ ವಯಸ್ಸನ್ನು ಎರಡು ಸಲ ಕೇಳಿ ತಿಳಿದುಕೊಂಡರು.

ಆಮೇಲೆ ಅಪ್ಪ ಪರೀಕ್ಷೆಗೆ ಕೂತರು. ಬಾಟಲಿಯ ಮೇಲೆ ಬರೆದದ್ದನ್ನು ನಂಬಿ ನೇರ ದೋಣಿಗೆ ಹಾಕುವುದು ಅವರ ಕ್ರಮವಲ್ಲ. ನಾಲ್ಕು ಮಿಲಿಮೀಟರಿನ ಎರಡು ಸ್ಟೇನ್‌ಲೆಸ್ ಬೋಲ್ಟು. ಒಂದಕ್ಕೆ ಹಿತ್ತಾಳೆಯ ನಟ್ಟು, ಇನ್ನೊಂದಕ್ಕೆ ಸ್ಟೇನ್‌ಲೆಸ್ಸಿನದೇ ನಟ್ಟು. ಪೆಟ್ರೋಲಿನಲ್ಲಿ ತೊಳೆಯೋಣ ಅಂದರು ಅಪ್ಪ. ಅದು ಎಣ್ಣೆಯ ಜಿಡ್ಡು ಉಳಿಸುತ್ತದೆ ಎಂದು ಮಗಳು ಅಸಿಟೋನ್ ತಂದಳು. ನೀಲಿ ಅಂಟು ಅಲ್ಪಸ್ವಲ್ಪ ಎಣ್ಣೆಯನ್ನು ಸಹಿಸುತ್ತದಂತೆ, ಆದರೂ ಒರೆಸಿದ್ದೇ ಒಳ್ಳೆಯದು. ಒಂದೊಂದು ಹನಿ ಬಿಟ್ಟು, ಬಿಗಿದು, ದೇವರ ಗೂಡಿನ ಪಕ್ಕದ ಕಿಟಕಿಯಲ್ಲಿಟ್ಟೆವು. ಕಾಫಿ ಕುಡಿದು ಲೋಟ ತೊಳೆದಿಡುವಷ್ಟರಲ್ಲಿ ಹಿತ್ತಾಳೆಯದು ಕೈಗೆ ಬಗ್ಗದಂತೆ ನಿಂತಿತ್ತು. ಸ್ಟೇನ್‌ಲೆಸ್ಸಿನದು ರಾತ್ರಿ ಊಟದ ಹೊತ್ತಿಗೂ ಬೆರಳಿಗೆ ತಿರುಗುತ್ತಿತ್ತು. ಡಿಸೆಂಬರಿನ ಚಳಿಯೂ ಇತ್ತೆನ್ನಿ. ಮಾರನೆಯ ದಿನ ಮಧ್ಯಾಹ್ನ ನೋಡಿದರೆ ಅದೂ ಹಿಡಿದಿತ್ತು. ಹಿತ್ತಾಳೆಯಲ್ಲಿರುವ ತಾಮ್ರ ಈ ಅಂಟನ್ನು ಬೇಗ ಎಬ್ಬಿಸುತ್ತದೆ; ಸ್ಟೇನ್‌ಲೆಸ್ಸು ಜಡ, ಅದಕ್ಕೆ ಆಕ್ಟಿವೇಟರ್ ಎಂಬ ಇನ್ನೊಂದು ದ್ರವ ಹಚ್ಚಬೇಕು, ಇಲ್ಲವೇ ಇಡೀ ದಿನ ಕಾಯಬೇಕು. ನಮ್ಮ ದೋಣಿಯಲ್ಲಿ ಶಾಫ್ಟು ಜಡವಾದರೂ ಪ್ರೊಪೆಲ್ಲರು ಹಿತ್ತಾಳೆಯದು. ಆದರೂ ಅಪ್ಪ ಪೂರ್ತಿ 24 ಗಂಟೆ ಎಂದು ಬರೆಸಿದರು. ಬೋಲ್ಟಿನ ಹೊರಗೆ ತುಳುಕಿದ ಹನಿ ಮಾತ್ರ ಮೂರು ದಿನವಾದರೂ ಒದ್ದೆಯಾಗಿಯೇ ಇತ್ತು. ಅಪ್ಪ ಬಂದವರಿಗೆಲ್ಲ ಅದನ್ನು ಮುಟ್ಟಿಸಿ ತೋರಿಸಿದರು.

ಒಂದು ಸಂಜೆ ಅಜ್ಜನಿಗೂ ಮೊಮ್ಮಗಳಿಗೂ ಸ್ಪ್ರಿಂಗ್ ವಾಷರಿನ ವಿಷಯದಲ್ಲಿ ಮಾತಿಗೆ ಮಾತು ಬೆಳೆಯಿತು. ಅಪ್ಪನ ಕಾಲದಲ್ಲಿ ನಟ್ಟು ಸಡಿಲವಾಗಬಾರದು ಎಂದರೆ ಕೆಳಗೆ ಸ್ಪ್ರಿಂಗ್ ವಾಷರ್. ಮಗಳು ಗೆರ್‌ಹಾರ್ಡ್ ಯುಂಕರ್ ಎಂಬ ಜರ್ಮನ್ ಇಂಜಿನಿಯರಿನ ಹೆಸರು ಹೇಳಿದಳು. 1969ರಲ್ಲಿ ಆತ ತೋರಿಸಿದ್ದು ಇಷ್ಟು: ಬೋಲ್ಟು ಹಿಡಿದಿರುವ ಭಾಗಗಳು ಅಡ್ಡಡ್ಡ ಅಲುಗಿದರೆ ಥ್ರೆಡ್ಡಿನ ಮೈಯಲ್ಲಿ ಘರ್ಷಣೆ ಇದ್ದೂ ಇಲ್ಲದಂತಾಗಿ ನಟ್ಟು ತಾನಾಗಿಯೇ ಹಿಂದಕ್ಕೆ ತಿರುಗುತ್ತದೆ. ಆ ಬಗೆಯ ಅಲುಗಾಟದ ಮುಂದೆ ಸ್ಪ್ರಿಂಗ್ ವಾಷರ್ ನಿಲ್ಲುವುದಿಲ್ಲ. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಸಾವಿರಾರು ವಾಷರ್ ಹಾಕಿದ ಕೈ ಅದು. ಕೊನೆಗೆ, "ನಿಜ ಇರಬೋದು. ವಾಷರ್ ಇದ್ದೂ ಬಿಚ್ಚಿಕೊಂಡಿದ್ದ ನಟ್ಟನ್ನ ನಾನು ನೋಡೀನಿ. ಬಿಗಿದವನ ಕೈ ಸರಿ ಇಲ್ಲ ಅಂತ ಬೈದಿದ್ದೆ" ಎಂದರು. ಬೈಸಿಕೊಂಡ ಹುಡುಗನ ಹೆಸರನ್ನೂ ಹೇಳಿದರು. ಆ ರಾತ್ರಿ ಅಪ್ಪ ಊಟ ಅರ್ಧಕ್ಕೇ ಬಿಟ್ಟದ್ದು ಅದಕ್ಕೇ ಎಂದು ನನಗೆ ಗೊತ್ತು.

ಹೊಳೆ ಏರಿದಾಗ ಅಗ್ನಿಶಾಮಕದವರು ತರುವ ರಬ್ಬರ್ ದೋಣಿಗಳಿಗೂ ಹೀಗೆಯೇ ಅಂಟು ಹಾಕುತ್ತಾರೇನು ಎಂದು ನಾನು ಕೇಳಿದೆ. ಇಲ್ಲ. ದೋಣಿಯ ಹಿಂದೆ ನೇತುಹಾಕುವ ಆ ಮೋಟಾರುಗಳಲ್ಲಿ ಪ್ರೊಪೆಲ್ಲರು ಹಲ್ಲುಹಲ್ಲಿನ ಶಾಫ್ಟಿನ ಮೇಲೆಯೋ, ಅಡ್ಡ ತೂರಿಸಿದ ಒಂದು ಪಿನ್ನಿನ ಆಧಾರದಲ್ಲೋ ಕೂರುತ್ತದೆ. ತಿರುಗಿಸುವ ಬಲ ನಟ್ಟಿನ ಮೇಲೆ ಬೀಳುವುದಿಲ್ಲ. ಹಲ್ಲುಗಳಿಗೆ ನೀರಿಗೆ ಕರಗದ ಗ್ರೀಸು ಹಚ್ಚುತ್ತಾರೆ. ನಟ್ಟು ಹೊರಗೆ ಬರದಂತೆ ಬಹುಪಾಲು ಮೋಟಾರುಗಳಲ್ಲಿ ಸ್ಪ್ಲಿಟ್ ಪಿನ್ನು. ಪ್ರೊಪೆಲ್ಲರಿನ ಹಿಂದೆ ಮೀನಿನ ಗಾಳದ ದಾರ ಸುತ್ತಿಕೊಂಡರೆ ಅದು ಎಣ್ಣೆಯ ಸೀಲನ್ನೇ ಕೊಯ್ಯುತ್ತದೆ. ಹಾಗಾಗಿ ಆಗಾಗ ಬಿಚ್ಚಿ ನೋಡಲೇಬೇಕು. ಮಹಾಪೂರದಲ್ಲಿ ಮನೆಯ ಮಾಡಿನ ಮೇಲೆ ಜನ ಕಾಯುತ್ತಿರುವಾಗ, ಕಲ್ಲಿಗೆ ಬಡಿದು ರೆಕ್ಕೆ ಮುರಿದರೆ ನೀರಿನಲ್ಲೇ ನಿಂತು ಬದಲಿಸಬೇಕು. ಅಪ್ಪ ತಲೆದೂಗಿದರು. ಸ್ಪ್ಲಿಟ್ ಪಿನ್ನಿಗೆ ಎಲ್ಲಾದರೂ ಮರ್ಯಾದೆ ಉಳಿದಿದೆಯಲ್ಲ ಎಂಬ ಸಮಾಧಾನ ಅವರ ಮುಖದಲ್ಲಿತ್ತು.

ಎಡಗಡೆಗೆ ಹೊಸ ಪ್ರೊಪೆಲ್ಲರು ಕೂರಿಸಿ ದೋಣಿಗೆ ಅಂಟು ಹಾಕಿದ ದಿನ ಅಪ್ಪ ಕೊನೆಗೆ ಕೇಳಿದ್ದು ನನ್ನ ಉಗುರು ಬಣ್ಣ. ಕಾರ್ಖಾನೆಯಲ್ಲಿ ಲೇತಿನ ಹೆಡ್‌ಸ್ಟಾಕ್ ಕೂಡಿಸಿ ಬಿಗಿದ ಮೇಲೆ ಅವರು ನಟ್ಟಿನಿಂದ ಬೋಲ್ಟಿನವರೆಗೆ ಒಂದು ತೆಳು ಬಣ್ಣದ ಗೆರೆ ಎಳೆಯುತ್ತಿದ್ದರಂತೆ. ಆ ಲೇತು ಕೊಯಮತ್ತೂರಿಗೋ ರಾಜ್‌ಕೋಟಿಗೋ ಹೋಗುತ್ತದೆ. ಹತ್ತು ವರ್ಷದ ಮೇಲೆ ಕಾಣದ ಊರಿನ ಯಾವನೋ ಫಿಟ್ಟರ್ ಮುಚ್ಚಳ ತೆಗೆಯುತ್ತಾನೆ. ಗೆರೆ ನೆಟ್ಟಗಿದ್ದರೆ ನಟ್ಟು ಕದಲಿಲ್ಲ, ಮುರಿದಿದ್ದರೆ ಕದಲಿದೆ ಎಂದು ಅವನಿಗೆ ನೋಡಿದ ತಕ್ಷಣ ತಿಳಿಯಬೇಕು. ಅವನ ಹೆಸರು, ಭಾಷೆ ಒಂದೂ ಗೊತ್ತಿಲ್ಲದೆ ಅಪ್ಪ ಅವನಿಗಾಗಿ ಎಷ್ಟು ವರ್ಷ ಗೆರೆ ಎಳೆದರೋ. ನನ್ನ ಕೆಂಪು ಬಣ್ಣದಲ್ಲಿ ಮಗಳು ಎರಡೂ ಪ್ರೊಪೆಲ್ಲರಿನ ಬುಡದಿಂದ ಶಾಫ್ಟಿನ ತುದಿಯವರೆಗೆ ಗೆರೆ ಎಳೆದಳು.

ಮುಂದಿನ ಭಾನುವಾರ ಅಪ್ಪನೂ ಹರಿಹರಕ್ಕೆ ಬಂದರು. ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತರು. ಆಚೆ ದಡದಲ್ಲಿ ಕುಮಾರಪಟ್ಟಣದ ಚಿಮಣಿಗಳು. ದೋಣಿ ನಡುಹೊಳೆಗೆ ಹೋಯಿತು, ನೀರು ತುಂಬಿಕೊಂಡಿತು. ಹಿಮ್ಮುಖ ಓಡಿಸುವಾಗ ಹುಡುಗಿಯರು ನಾಲ್ವರೂ ಉಸಿರು ಬಿಗಿಹಿಡಿದಿದ್ದರು. ಎರಡೂ ಮೋಟಾರಿನ ಸದ್ದು ಒಂದೇ ಸಮನೆ ಇತ್ತು. ಮೂರನೆಯ ಸುತ್ತಿನಲ್ಲಿ ಮಾತ್ರ ದೋಣಿ ದಡದ ಹತ್ತಿರ ಬಂದು ಕುಂಟತೊಡಗಿತು. ಎತ್ತಿ ನೋಡಿದರೆ ಎಡಗಡೆಯ ಪ್ರೊಪೆಲ್ಲರಿಗೆ ಹಸಿರು ನೈಲಾನ್ ಬಲೆಯ ದಾರ ಬಿಗಿಯಾಗಿ ಸುತ್ತಿಕೊಂಡು ಶಾಫ್ಟಿನ ಸಂದಿಗೆ ಇಳಿದಿತ್ತು.

"ಗೆರೆ?" ಎಂದು ಅಪ್ಪ ಮೆಟ್ಟಿಲ ಮೇಲಿಂದಲೇ ಕೇಳಿದರು.

ಮಗಳು ಸೆರಗಿನಂತೆ ಇಳಿಬಿದ್ದಿದ್ದ ದಾರವನ್ನು ಸರಿಸಿ, ಹೆಬ್ಬೆರಳಲ್ಲಿ ನೀರು ಒರೆಸಿ ನೋಡಿದಳು. "ನೆಟ್ಟಗೈತೆ ಅಜ್ಜ."

ಪಾನಾ ಹಾಕಿ ತಿರುಗಿಸಿದಳು. ಮೊದಲು ಜಗ್ಗಲಿಲ್ಲ. ಇನ್ನೊಂದಿಷ್ಟು ಒತ್ತಿದಾಗ ಸಣ್ಣಗೆ ಕಟ್ಟೆಂದಿತು, ಆಮೇಲೆ ಸುತ್ತು ಸುತ್ತಿಗೂ ಗರಗರ ಎನ್ನುತ್ತಾ ಬಂತು. ಥ್ರೆಡ್ಡಿನ ಸಂದಿಯಲ್ಲಿ ಬೂದಿಯಂಥ ಬಿಳಿಯ ಪುಡಿ. ಅವಳು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅದನ್ನು ಉಜ್ಜಿ, ದಾರವನ್ನು ಬಿಡಿಸಿ ತೆಗೆದು, ಅಸಿಟೋನಿನಲ್ಲಿ ಒರೆಸಿ, ಹೊಸ ಹನಿ ಬಿಟ್ಟು ಬಿಗಿದಳು. ಇನ್ನು 24 ಗಂಟೆ ನೀರಿಗಿಳಿಸುವಂತಿಲ್ಲ. ಗೆಳತಿಯರು ಮಂಡಕ್ಕಿ ಮಿರ್ಚಿ ತರಲು ಹೋದರು.

ಅಪ್ಪ ಮೆಲ್ಲಗೆ ಮೆಟ್ಟಿಲಿಳಿದು ಬಂದು ಕೈ ಚಾಚಿದರು. "ಪಾನಾ ಕೊಡು ಪುಟ್ಟಿ. ಆ ಕಡೇದನ್ನ ನಾನು ಬಿಚ್ಚಿ ನೋಡ್ತೀನಿ."